ತಂಗಿಯ ಟೋಸ್ಟಿಗೆ ಸುರಿದ ಮಸ್ಕಡೆ

ಮಸ್ಕಡೆ ಬಾಟಲಿಯಿಂದ ಪೆಟ್ಟು ತಿಂದವಳು ಇಡೀ ಒಮಾನಿನಲ್ಲಿ ನಾನೊಬ್ಬಳೇ ಇರಬೇಕು. ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇದೆ. ಖುರುಮ್‌ನ ಹೋಟೆಲೊಂದರಲ್ಲಿ ವೈನ್ ಬಡಿಸುವ ಕೆಲಸ ನನ್ನದು. ಗ್ಲಾಸು ತುಂಬಲು ಬಗ್ಗಿದಾಗ ಗಿರಾಕಿಗಳ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಕೆಲವರು ಕೇಳಿಯೇ ಬಿಡುತ್ತಾರೆ. ಅಡುಗೆಮನೆಯ ಬಾಗಿಲು ಬಡಿಯಿತು ಎಂದು ಹೇಳಿ ಮುಗಿಸುತ್ತೇನೆ. ನಿಜ ಹೇಳಿದರೆ ಪಾಪ, ಅವರಿಗೆ ಊಟ ಸೇರಲಿಕ್ಕಿಲ್ಲ.

ಮೊದಲು ಆ ವೈನಿನ ವಿಷಯ ಹೇಳುತ್ತೇನೆ. ಮಸ್ಕಡೆ ಫ್ರಾನ್ಸಿನ ಪಶ್ಚಿಮದ ಅಂಚಿನದು. ಅಲ್ಲಿ ಲ್ವಾರ್ ಎಂಬ ನದಿ ಅಟ್ಲಾಂಟಿಕ್ ಸಮುದ್ರ ಸೇರುತ್ತದೆ, ಆ ಅಳಿವೆಯ ಆಸುಪಾಸಿನ ದ್ರಾಕ್ಷಿಯಿಂದ ಮಾಡುವ ಬಿಳಿ ವೈನ್. ಸಿಹಿ ಎಳ್ಳಷ್ಟೂ ಇಲ್ಲ. ಬಿಂಬುಳಿ ಕಚ್ಚಿದ ಹಾಗೆ ಹುಳಿ, ಹಿಂದೆಯೇ ಒಂದು ಚಿಟಿಕೆ ಉಪ್ಪಿನ ರುಚಿ. ಹುದುಗು ಬಂದಾದ ಮೇಲೆ ತಳದಲ್ಲಿ ನಿಂತ ಮಡ್ಡಿಯನ್ನು ಅವರು ಬೇರೆ ಮಾಡುವುದಿಲ್ಲ. ಚಳಿಗಾಲ ಕಳೆಯುವ ತನಕ ವೈನ್ ಆ ಮಡ್ಡಿಯ ಮೇಲೆಯೇ ಇರುತ್ತದೆ. ಹಾಗಾಗಿ ಮೂಗಿನ ಹತ್ತಿರ ತಂದರೆ ಇಡ್ಲಿಯಂಥ ನಮ್ಮ ಸನ್ನದ ಹಿಟ್ಟು ಉಬ್ಬಿ ಬಂದಾಗಿನ ವಾಸನೆ. ಮೊದಲ ಸಲ ಮೂಸಿದಾಗ ನನಗೆ ಕ್ರಿಸ್ಮಸ್ಸಿನ ಮುಂಚಿನ ದಿನದ ನಮ್ಮ ಅಡುಗೆಮನೆ ನೆನಪಾಗಿತ್ತು.

ಇದರ ಜೊತೆ ಹಸಿ ಸಿಂಪಿ ಕೊಡುತ್ತೇವೆ. ಸಿಂಪಿ ಬಿಡಿಸುವುದೆಂದರೆ ಸಣ್ಣ ಕೊಲೆಯೇ. ಮೊಂಡು ಚೂರಿಯನ್ನು ಚಿಪ್ಪಿನ ಸಂದಿಗೆ ತುರುಕಿ, ತಿರುವಿ, ಒಳಗಿನ ಜೀವದ ಬೇರು ಕತ್ತರಿಸಬೇಕು. ಚೂರಿ ಜಾರಿದರೆ ನಿಮ್ಮ ಅಂಗೈಯೇ ಸೀಳುತ್ತದೆ, ನನ್ನದು ಸೀಳಿದೆ. ಹಬೆಯಲ್ಲಿ ಬೇಯಿಸಿದ ಮರುವಾಯಿ ಚಿಪ್ಪು, ಸುಟ್ಟ ಬೂತಾಯಿ, ನಿಂಬೆ ಹಿಂಡಿದ ಬಿಳಿ ಮೀನು, ಇವೆಲ್ಲ ಅದಕ್ಕೆ ಹೊಂದುತ್ತವೆ. ಉಪ್ಪು, ಅರಸಿನ ಮಾತ್ರ ಸವರಿ ರವೆಯಲ್ಲಿ ಹೊರಳಿಸಿ ಹುರಿದ ಅಂಜಲ್ ಮೀನು ಸಹ ಹೊಂದುತ್ತದೆ. ಅದು ನನ್ನ ಸ್ವಂತ ಶೋಧ. ಆದರೆ ಮೆಣಸಿನ ಮುಂದೆ ಮಸ್ಕಡೆ ಒಂದು ಗಳಿಗೆ ನಿಲ್ಲುವುದಿಲ್ಲ. ಬ್ಯಾಡಗಿ ಮೆಣಸು ಅರೆದ ಮಸಾಲೆ ಅದರ ಕೆನ್ನೆಗೆ ಬಾರಿಸಿ ಮೂಲೆಗೆ ಕೂರಿಸುತ್ತದೆ. ಆಮೇಲೆ ಬಾಯಲ್ಲಿ ಉಳಿಯುವುದು ತುಕ್ಕಿನ ರುಚಿ ಮಾತ್ರ. ಗಿರಾಕಿಗಳಿಗೆ ನಾನು ಹೇಳುವುದಿಷ್ಟೇ: ತಟ್ಟೆಯಲ್ಲಿರುವುದು ಗ್ಲಾಸಿನಲ್ಲಿರುವುದನ್ನು ಹೊಡೆಯಬಾರದು.

ನನ್ನ ತಂಗಿಯನ್ನು ಅವಳ ಗಂಡ ಹೊಡೆಯುತ್ತಿದ್ದ.

ಅದು ನನಗೆ ಗೊತ್ತಾದದ್ದು ಚರ್ಚಿನ ಕೈತೊಳೆಯುವ ನಲ್ಲಿಯ ಹತ್ತಿರ. ಇಲ್ಲಿ ರಜೆ ಶುಕ್ರವಾರ, ಪೂಜೆಗೆ ಜನ ಸೇರುವುದೂ ಶುಕ್ರವಾರ. ಅವಳ ಸಂಸಾರ ಅಲ್ ಮಬೇಲಾದಲ್ಲಿ, ಕಾರು ರಿಪೇರಿಯ ಅಂಗಡಿಯೊಂದರ ಮೇಲಿನ ಫ್ಲ್ಯಾಟಿನಲ್ಲಿ. ಗಂಡ, ಅವಳು, ಮಗಳು, ಪುಟ್ಟ ಮಗ. ಜೂನ್ ತಿಂಗಳ ಬೆಂಕಿ ಬಿಸಿಲಿನಲ್ಲಿ ಮಣಿಕಟ್ಟಿನ ತನಕ ತೋಳಿರುವ ಬ್ಲೌಸ್ ಹಾಕಿಕೊಂಡು ಬಂದಿದ್ದಳು. ಎಂತ ಮಾರಾಯ್ತಿ ಇದು ಅವತಾರ ಎಂದು ತಮಾಷೆ ಮಾಡುತ್ತ ತೋಳು ಎಳೆದೆ. ಅವಳು ಕೂಗಿಕೊಂಡಳು. ಮೊಣಕೈಯಿಂದ ಮೇಲೆ ಬೆಲ್ಟಿನ ಬಕಲಿನ ಚೌಕ ಚೌಕ ಗುರುತು, ಕೆಲವು ನೀಲಿ, ಕೆಲವು ಹಳದಿಗೆ ತಿರುಗಿದ್ದವು.

"ಕುಕ್ಕರಿನ ಹಬೆ ತಾಗಿದ್ದು," ಎಂದಳು. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ನಮ್ಮೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿನ್ನ ಕುಕ್ಕರಿಗೆ ಬಕಲು ಉಂಟಾ?" ಎಂದೆ.

ನನಗೆ ಸಿಟ್ಟು ಬಂದರೆ ಹಿಂದೆ ಮುಂದೆ ಕಾಣುವುದಿಲ್ಲ. ಅದೇ ಸಂಜೆ ಟ್ಯಾಕ್ಸಿ ಹಿಡಿದು ಅವರ ಫ್ಲ್ಯಾಟಿಗೆ ಹೋದೆ. ಬಾಗಿಲು ತೆಗೆದವನೇ ಅವನು. ನಗುತ್ತ, "ಬನ್ನಿ ಅಕ್ಕ, ಚಾ ಕುಡಿಯುವಾ," ಎಂದ. ಯಾವ ಕೈಯಲ್ಲಿ ಹೊಡೆದದ್ದು ಎಂದು ಕೇಳಿದೆ. ಮದುವೆಯಾಗದವರಿಗೆ ಗಂಡ ಹೆಂಡತಿಯ ವಿಷಯ ಅರ್ಥ ಆಗುದಿಲ್ಲ ಅಕ್ಕ ಎಂದ, ಅದೇ ನಗುವಿನಲ್ಲಿ. ಕೆನ್ನೆಗೆ ಒಂದು ಬಿಟ್ಟೆ. ಕನ್ನಡಕ ಹಾರಿ ಸೋಫಾದ ಅಡಿಗೆ ಹೋಯಿತು. ಅವನು ಬಗ್ಗಿ ಅದನ್ನು ಹೆಕ್ಕಿ, ಒರೆಸಿ, ಹಾಕಿಕೊಂಡು, ನನಗೆ ಟ್ಯಾಕ್ಸಿ ತರಿಸಿ ಕೊಟ್ಟ. ನಾನು ಹೋದ ಮೇಲೆ ನನ್ನ ಆ ಒಂದು ಪೆಟ್ಟಿಗೆ ತಂಗಿಯ ತಲೆಯನ್ನು ಫ್ರಿಡ್ಜಿನ ಬಾಗಿಲಿಗೆ ಬಡಿದು ಬಡಿದು ಲೆಕ್ಕ ತೀರಿಸಿದ. ಮರುದಿನ ಅವಳ ಫೋನ್ ಬಂತು. "ನಿನ್ನ ಕಾಲಿಗೆ ಬೀಳ್ತೇನೆ ಅಕ್ಕ, ಇನ್ನು ಬರ್ಬೇಡ," ಎಂದಳು. ಮಾತು ತೊದಲುತ್ತಿತ್ತು, ತುಟಿ ಬಾತಿತ್ತಂತೆ.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮ ನಿಟ್ಟುಸಿರು ಬಿಟ್ಟು, "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ," ಎಂದಳು. ಈ ಗಾದೆ ಕಟ್ಟಿದವನು ಯಾವನೋ, ಸಿಕ್ಕಿದರೆ ಹಲ್ಲು ಉದುರಿಸುತ್ತೇನೆ. ಅವನ ಮನೆಯಲ್ಲಿ ಉಂಡು ಮಲಗಿದ ಮೇಲೆಯೇ ಶುರುವಾಗುತ್ತಿದ್ದದ್ದು.

ಮಕ್ಕಳನ್ನು ಕರೆದುಕೊಂಡು ಬಾ, ಊರಿಗೆ ಕಳಿಸುತ್ತೇನೆ ಎಂದು ಎಷ್ಟು ಸಲ ಹೇಳಿದೆನೋ. ಪ್ರತಿ ಸಲವೂ ಒಂದೇ ಉತ್ತರ: ಪಾಸ್‌ಪೋರ್ಟ್ ಇಲ್ಲ. ಅವಳದ್ದು, ಮಕ್ಕಳದ್ದು, ಮೂರನ್ನೂ ಅವನು ಎಲ್ಲೋ ಇಟ್ಟಿದ್ದ. ಮನೆಯಲ್ಲಿ ಅವಳು ಹುಡುಕದ ಡಬ್ಬಿ ಇಲ್ಲ. ರಾಯಭಾರ ಕಚೇರಿಗೆ ಹೋಗುವಾ ಎಂದರೆ, ಅವನಿಗೆ ಗೊತ್ತಾದರೆ ನನ್ನ ವೀಸಾ ಮಾತ್ರ ಕ್ಯಾನ್ಸಲ್ ಮಾಡಿ ಮಕ್ಕಳನ್ನು ಇಟ್ಟುಕೊಳ್ಳುತ್ತಾನೆ ಎಂದು ನಡುಗುತ್ತಿದ್ದಳು. ಮರುವರ್ಷದ ಈಸ್ಟರಿನ ಹೊತ್ತಿಗೆ ಅವನು ಕುತ್ತಿಗೆಗೆ ಕೈ ಹಾಕತೊಡಗಿದ್ದ. ಅದನ್ನು ಅವಳು ಹೇಳಿದ್ದಲ್ಲ. ಒಂದು ಶುಕ್ರವಾರ ಪೂಜೆ ಮುಗಿದ ಮೇಲೆ ಅವಳ ಮಗಳು ನನ್ನ ಫೋನಿನಲ್ಲಿ ಆಟ ಆಡುತ್ತ, "ಡ್ಯಾಡಿ ಸ್ಕ್ವೀಝಸ್ ಮಮ್ಮೀಸ್ ನೆಕ್," ಎಂದಳು, ಹೋಮ್‌ವರ್ಕಿನ ಸುದ್ದಿ ಹೇಳಿದಂತೆ. ಆ ದಿನದಿಂದ ಅಲ್ ಮಬೇಲಾದ ನಂಬರಿನಿಂದ ಫೋನ್ ಬಂದರೆ, ಇವತ್ತು ಸತ್ತಳು ಎಂದೇ ಎತ್ತುತ್ತಿದ್ದೆ.

ಹೀಗಿರುವಾಗ ಅವನಿಗೆ ಹತ್ತನೇ ವರ್ಷದ ಮದುವೆ ವಾರ್ಷಿಕೋತ್ಸವದ ಹುಚ್ಚು ಹಿಡಿಯಿತು. ನಮ್ಮ ಹೋಟೆಲಿನ ಸಣ್ಣ ಹಾಲ್ ಬುಕ್ ಮಾಡಿದ. ಊರಿನಿಂದ ಅವನ ತಾಯಿ ಬಂದರು. ಆಫೀಸಿನ ದೊಡ್ಡ ಮ್ಯಾನೇಜರ್ ಬರುವವನಿದ್ದ, ಅವನೊಬ್ಬ ಒಮಾನಿ, ಅವನ ಕೈಯಲ್ಲೇ ಇವನ ಪ್ರಮೋಷನ್. ಮ್ಯಾನೇಜರನ ಜೊತೆ ಫ್ರೆಂಚ್ ಅತಿಥಿಗಳಿಬ್ಬರು ಬರುತ್ತಾರೆ, ಟೋಸ್ಟಿಗೆ ಫ್ರೆಂಚ್ ವೈನೇ ಆಗಬೇಕು ಎಂದ. ಮಸ್ಕಡೆ ಸೂಚಿಸಿದೆ. ಹಾಗಾದರೆ ಊಟಕ್ಕೆ ಮರುವಾಯಿ, ರವೆ ಹಾಕಿದ ಅಂಜಲ್ ಇಡುವಾ ಎಂದೆ. ಹಂದಿ ಬಫಾತ್ ಮತ್ತು ಸನ್ನ ಇಲ್ಲದಿದ್ದರೆ ನಮ್ಮವರು ನಗುತ್ತಾರೆ ಎಂದ. ಬಫಾತಿನ ಮೆಣಸಿನ ಮಸಾಲೆಗೂ ಇದಕ್ಕೂ ಆಗುವುದಿಲ್ಲ, ಒಂದು ಇನ್ನೊಂದನ್ನು ಸಾಯಿಸುತ್ತದೆ ಎಂದೆ. "ಸಾಯ್ಲಿ ಬಿಡಿ ಅಕ್ಕ, ಹೊಟ್ಟೆಯೊಳಗೆ ಯಾರು ನೋಡ್ತಾರೆ?" ಎಂದ. ಮತ್ತೆ ಹೇಳಿದ, "ಟೋಸ್ಟ್ ನೀವೇ ಎತ್ತಬೇಕು. ವೈನ್ ಗೊತ್ತಿರುವವರು ನಮ್ಮಲ್ಲಿ ನೀವೊಬ್ಬರೇ."

ಟೋಸ್ಟ್ ಎತ್ತುವುದು ನಮ್ಮ ಮಂಗಳೂರು ಕ್ರೈಸ್ತರಲ್ಲಿ ಪೂಜೆಯಷ್ಟೇ ಗಂಭೀರ. ಒಬ್ಬರು ಮೈಕ್ ಹಿಡಿದು ಜೋಡಿಯನ್ನು ಹೊಗಳಬೇಕು, ಸ್ವಲ್ಪ ಕಾಲೆಳೆಯಬೇಕು. ಉಳಿದವರೆಲ್ಲ ಎದ್ದು ನಿಂತು ಗ್ಲಾಸು ಎತ್ತಿ ಹಿಡಿದಿರಬೇಕು. ಮೈಕ್ ಹಿಡಿದವರು ವಿವಾ ಎನ್ನುವ ತನಕ ಯಾರೂ ಕುಡಿಯುವಂತಿಲ್ಲ, ಕೂರುವಂತಿಲ್ಲ. ನಮ್ಮ ಕಡೆ ಇನ್ನೊಂದು ರೂಢಿಯೂ ಇದೆ. ಟೋಸ್ಟ್ ಎತ್ತುವವರು ಮದುಮಗನ ಹತ್ತಿರ ಒಂದು ಕೇಳಬಹುದು, ಒಂದು ಹಾಡು, ಒಂದು ಮುತ್ತು, ಹೆಂಡತಿಯನ್ನು ಎತ್ತಿಕೊಂಡು ಒಂದು ಸುತ್ತು. ಅವನು ಇಲ್ಲವೆನ್ನುವ ಹಾಗಿಲ್ಲ. ಈ ಜಾಗದಲ್ಲಿ ನಿಂತು ಯಾರೂ ಇವತ್ತಿನ ತನಕ ಜೋಡಿಯ ಬಗ್ಗೆ ಕೆಟ್ಟದ್ದು ಹೇಳಿದವರಿಲ್ಲ. ಕುಡುಕನನ್ನು ಸಂತ ಎಂದಿದ್ದಾರೆ, ಜಗಳಗಂಟಿಯನ್ನು ದೇವದೂತೆ ಎಂದಿದ್ದಾರೆ. ಆ ಧೈರ್ಯದ ಮೇಲೆಯೇ ಅವನು ಮೈಕನ್ನು ನನ್ನ ಕೈಗೆ ಕೊಟ್ಟದ್ದು.

ನಾನೂ ಹೊಗಳಲೆಂದೇ ಹೋಗಿದ್ದೆ. ತಂಗಿ ಹಿಂದಿನ ದಿನ ಫೋನಿನಲ್ಲಿ ಬೇಡಿಕೊಂಡಿದ್ದಳು, "ಒಳ್ಳೆ ಮಾತು ನಾಲ್ಕು ಹೇಳಕ್ಕ. ಮನೆಗೆ ಹೋದ ಮೇಲೆ ನಂಗೆ ತೊಂದ್ರೆ ಆಗ್ಬಾರ್ದು."

ಶುಕ್ರವಾರ ಮಧ್ಯಾಹ್ನ. ಪೂಜೆ ಮುಗಿಸಿ ಎಲ್ಲರೂ ಬಂದರು. ಮ್ಯಾನೇಜರನಿಗೆ ಮಾತ್ರ ಹಣ್ಣಿನ ರಸ ಕೊಟ್ಟು, ಉಳಿದವರ ಗ್ಲಾಸಿಗೆ ಮಸ್ಕಡೆ ಸುರಿಯುತ್ತ ಬಂದೆ. ಮನೆಯಲ್ಲಿ ಮಾಡಿದ ಸಿಹಿ ದ್ರಾಕ್ಷಿ ವೈನಿಗೆ ಒಗ್ಗಿದ ಬಾಯಿಗಳು, ಕದ್ದು ಒಂದು ಗುಟುಕು ನೋಡಿದವರ ಮುಖ ಕಷಾಯ ಕುಡಿದವರ ಹಾಗಾಯಿತು. ಒಬ್ಬ ಹೆಂಗಸು ಮೆಲ್ಲಗೆ, "ಸ್ವಲ್ಪ ಸಕ್ಕರೆ ಸಿಗ್ಬಹುದಾ?" ಎಂದಳು. ಕೊಟ್ಟೆ. ಒಂದು ಮೇಜಿನಿಂದ ಇನ್ನೊಂದಕ್ಕೆ ಸಕ್ಕರೆ ಬಟ್ಟಲು ಹೋಯಿತು, ಚಮಚೆಗಳು ಟಿಂಗ್ ಟಿಂಗ್ ಎಂದವು. ಫ್ರೆಂಚ್ ಅತಿಥಿಗಳು ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ಆ ಸಕ್ಕರೆಯೇ ಅವನಿಗೆ ಅವಮಾನವಾಯಿತು. ಮ್ಯಾನೇಜರನ ಮುಂದೆ ನಮ್ಮವರು ಹಳ್ಳಿಗಮಾರರ ಹಾಗೆ ಕಂಡರೆಂದು. ತಂಗಿ ಕೇಕಿನ ಹತ್ತಿರ ಅವನ ಪಕ್ಕದಲ್ಲಿ ನಿಂತಿದ್ದಳು. ನಾನು ಅವರ ಗ್ಲಾಸು ತುಂಬಲು ಹಿಂದಿನಿಂದ ಹೋದೆ. ಅವನ ಮುಖ ಫೋಟೋದವನ ಕಡೆ ನಗುತ್ತಿತ್ತು. ಅವನ ಕೈ ಅವಳ ಬೆನ್ನ ಹಿಂದೆ, ಸೀರೆಗೂ ಬ್ಲೌಸಿಗೂ ನಡುವೆ, ಸೊಂಟದ ಮಾಂಸವನ್ನು ಉಗುರಿನಲ್ಲಿ ಹಿಡಿದು ತಿರುವುತ್ತಿತ್ತು. "ನಿನ್ನ ಅಕ್ಕನಿಗೆ ಸಕ್ಕರೆ ಕೊಡ್ಲಿಕ್ಕೆ ಯಾರು ಹೇಳಿದ್ದು," ಎಂದು ಹಲ್ಲಿನ ಸಂದಿಯಿಂದ ಹೇಳುತ್ತಿದ್ದ. ತಂಗಿಯೂ ಕ್ಯಾಮೆರಾ ನೋಡಿ ನಗುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಬಿಳಿ ಸೀರೆಯ ಮೇಲೆ ಕೆಂಪು ಚುಕ್ಕೆ ಮೂಡುವುದನ್ನು ನಾನು ನೋಡಿದೆ.

ಹೊಗಳಿಕೆಯ ಮಾತೆಲ್ಲ ನನ್ನ ಮಂಡೆಯಿಂದ ಅಲ್ಲಿಗೇ ಹೋಯಿತು.

ಮೈಕ್ ತೆಗೆದುಕೊಂಡೆ. ಎಲ್ಲರೂ ಎದ್ದು ಗ್ಲಾಸು ಎತ್ತಿದರು. ಎರಡೂ ಕೈಯಲ್ಲಿ ಮೈಕ್ ಹಿಡಿದೆ. ಮ್ಯಾನೇಜರನಿಗೆ ತಿಳಿಯಲೆಂದು ಮೊದಲಿಗೆ ಇಂಗ್ಲಿಷಿನಲ್ಲಿ ವೈನಿನ ಬಗ್ಗೆ ಹೇಳಿದೆ. ಇದು ಯಾವುದರ ಜೊತೆ ಒಳ್ಳೆಯದು, ಯಾವುದರ ಜೊತೆ ಸಾಯುತ್ತದೆ, ನಮ್ಮ ಬಫಾತ್ ಇವತ್ತು ಇದರ ಗತಿ ಏನು ಮಾಡಲಿದೆ ಎಂದೆ. ಜನ ನಕ್ಕರು. ಆಮೇಲೆ ನಮ್ಮ ರೂಢಿ ವಿವರಿಸಿದೆ, ನಾನು ಕೇಳಿದ್ದನ್ನು ಮದುಮಗ ಕೊಡಬೇಕು ಎಂದು. ಅವನೂ ಕೈ ಜೋಡಿಸಿ, "ಕೇಳಿ ಅಕ್ಕ, ಎಂತ ಬೇಕು?" ಎಂದ.

"ನನ್ನ ತಂಗಿಯ ಪಾಸ್‌ಪೋರ್ಟ್," ಎಂದೆ. "ಮಕ್ಕಳದ್ದೂ. ಈಗಲೇ, ಇಲ್ಲಿಯೇ."

ಕೆಲವರು ನಕ್ಕರು, ತಮಾಷೆಯೆಂದುಕೊಂಡು. ಅವನು ನಗಲಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ. ಅವಳ ಕೈಗೆ ಅದು ಬರುವ ತನಕ ನಾನು ವಿವಾ ಅನ್ನುವುದಿಲ್ಲ, ಯಾರೂ ಕುಡಿಯಬೇಡಿ, ಕೂರಬೇಡಿ ಎಂದೆ. ಎಲ್ಲರ ಕೈ ಮೇಲೆ, ಕೈಯಲ್ಲಿ ಸಕ್ಕರೆ ಹಾಕಿದ ಮಸ್ಕಡೆ.

"ಖಲಾಸ್ ಅಕ್ಕ, ಜೋಕ್ ಸಾಕು," ಎಂದ.

"ಹತ್ತು ವರ್ಷ ಹೊಡೆದದ್ದು ಸಾಲದಾ ನಿಂಗೆ?" ಎಂದೆ. ಮೈಕ್ ಬಾಯಿಯ ಹತ್ತಿರವೇ ಇತ್ತು. "ಈಗ ಫೋಟೋ ತೆಗಿಯುವಾಗ ಉಗುರು ಹಾಕಿದ್ದೀಯಲ್ಲ, ರಕ್ತ ಬರ್ತಾ ಉಂಟು ಅವಳಿಗೆ. ನೋಡ್ಲಿ ಎಲ್ಲರೂ."

ಅವನು ಐಸಿನ ಬಕೆಟ್ಟಿನಿಂದ ಬಾಟಲಿ ಎತ್ತಿದ್ದು ನನಗೆ ಕಾಣಲಿಲ್ಲ. ಬಾಟಲಿ ಒಡೆಯಲಿಲ್ಲ, ಸಿನೆಮಾದಲ್ಲಿ ಮಾತ್ರ ಅದು ಒಡೆಯುವುದು. ಒಡೆದದ್ದು ನನ್ನ ಹುಬ್ಬು. ಕೇಕಿನ ಮೇಜಿನ ಮೇಲೆ ಬಿದ್ದೆ, ಮೇಜು ನನ್ನ ಸಮೇತ ಮಗುಚಿತು. ಒಂದು ಕಣ್ಣಿಗೆ ರಕ್ತ ಇಳಿದು ಕುರುಡಾಯಿತು. ಇನ್ನೊಂದರಲ್ಲಿ ಅವನು ತಂಗಿಯ ಮುಡಿಗೆ ಕೈ ಹಾಕಿ ನೆಲಕ್ಕೆ ಎಳೆದದ್ದು, ಶೂ ಹಾಕಿದ ಕಾಲಿನಲ್ಲಿ ಅವಳ ಪಕ್ಕೆಗೆ ಒದ್ದದ್ದು ಕಂಡಿತು. "ನೀನೇ ಹೇಳಿದ್ದಲ್ವಾ, ನೀನೇ," ಎಂದು ಒಂದೊಂದು ಒದೆತಕ್ಕೂ ಹೇಳುತ್ತಿದ್ದ. ಮಕ್ಕಳು ಕಿರುಚುತ್ತಿದ್ದರು. ಮೊದಲು ಓಡಿ ಬಂದದ್ದು ಮ್ಯಾನೇಜರ್, ಹಿಂದೆಯೇ ಬಾಗಿಲಿನ ಸೆಕ್ಯುರಿಟಿಯವನು. ಇಬ್ಬರೂ ಸೇರಿ ಅವನನ್ನು ಕೆಡವಿ ಕೈ ಹಿಂದಕ್ಕೆ ತಿರುವಿ ಮೇಲೆ ಕೂತರು. ನಮ್ಮವರು? ನಮ್ಮವರಲ್ಲಿ ನಾಲ್ಕೈದು ಮಂದಿ ಆಗಲೂ ಗ್ಲಾಸು ಎತ್ತಿ ಹಿಡಿದೇ ನಿಂತಿದ್ದರು. ಇವತ್ತಿಗೂ ನೆನೆಸಿದರೆ ಮೈ ಉರಿಯುತ್ತದೆ.

ಆಮೇಲೆ ಅವನ ತಾಯಿ ಎದ್ದರು. ನಾವೆಲ್ಲ ಅವರನ್ನು ಮಾಂಯ್ ಎನ್ನುವುದು. ಒಣಗಿದ ಮೈಯ, ಮಾತು ಕಮ್ಮಿಯ ಮುದುಕಿ. ಮಗನ ಪಕ್ಷವೇ ಎಂದು ನಾನು ಅವರ ಹತ್ತಿರ ಸರಿಯಾಗಿ ಮಾತೂ ಆಡಿರಲಿಲ್ಲ. ನೆಲದಲ್ಲಿ ಕೂತ ತಂಗಿಯ ಹತ್ತಿರ ಬಂದು, ಮೊಣಕಾಲೂರಿ, ತಮ್ಮ ಕೈಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. ಮೂರು ಪಾಸ್‌ಪೋರ್ಟ್.

"ನಾನು ಬಂದ ದಿನವೇ ಇಟ್ಕೊಳ್ಳಿ ಅಂತ ಕೊಟ್ಟಿದ್ದ," ಎಂದರು. "ತಗೋ ಬಾಯೆ. ಹೋಗು."

ಅವನು ನೆಲದಿಂದಲೇ ತಾಯಿಯನ್ನು ನೋಡಿದ. ಬಿಡಿಸಿಕೊಳ್ಳಲು ನೋಡಲಿಲ್ಲ. ಪೊಲೀಸರು ಬಂದು ಕರೆದುಕೊಂಡು ಹೋಗುವಾಗಲೂ ತಲೆ ಎತ್ತಲಿಲ್ಲ.

ಹಾಲ್ ಖಾಲಿಯಾಯಿತು. ಆಸ್ಪತ್ರೆಗೆ ಹೋಗಲು ಕಾರು ಬರಬೇಕಿತ್ತು. ನಾನು ಐಸು ಸುತ್ತಿದ ನ್ಯಾಪ್ಕಿನ್ ಹುಬ್ಬಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ತಂಗಿ ಮಕ್ಕಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಪಕ್ಕದಲ್ಲಿದ್ದಳು, ಕವರು ಅವಳ ಮಡಿಲಲ್ಲಿತ್ತು. ಯಾರೂ ಮುಟ್ಟದ ಊಟದ ಸಾಲಿನಲ್ಲಿ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ನೋಡಿದರೆ ಮಾಂಯ್, ಪಾರ್ಸೆಲ್ ಡಬ್ಬಿಯೊಂದಕ್ಕೆ ಬಫಾತ್ ತುಂಬುತ್ತಿದ್ದರು. ಪಕ್ಕದಲ್ಲಿ ಸನ್ನ.

"ಯಾರಿಗೆ?" ಎಂದೆ.

"ಅವನಿಗೆ. ಬೆಳಿಗ್ಗೆಯಿಂದ ಎಂತದೂ ತಿನ್ಲಿಲ್ಲ ಅವ. ಸ್ಟೇಷನಿಗೆ ಯಾರಾದ್ರೂ ಬಿಡ್ತಾರಾ ನನ್ನನ್ನು?"

ನನ್ನ ಸಿಟ್ಟು ನೆತ್ತಿಗೇರಿತು. "ಇಷ್ಟು ಕಣ್ಣಾರೆ ನೋಡಿಯೂ ಅವನಿಗೆ ಅನ್ನ ಹೊರ್ತೀರಲ್ಲ ಮಾಂಯ್. ಕೊಲ್ತಿದ್ದ ಅವಳನ್ನು."

ಅವರು ಸೌಟು ನಿಲ್ಲಿಸಲಿಲ್ಲ. "ಕೊಲ್ತಿದ್ದ," ಎಂದರು. "ಅದಕ್ಕೇ ಪಾಸ್‌ಪೋರ್ಟ್ ಕೊಟ್ಟೆ." ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಬೆರಳು ಒರೆಸಿಕೊಂಡರು. "ನನ್ನ ಗಂಡ ನನ್ನನ್ನು ಹೊಡೆಯುವಾಗ ನಡುವಿಗೆ ಬಂದು ನಿಲ್ತಾ ಇದ್ದದ್ದು ಇವನೊಬ್ಬನೇ. ನನ್ನ ಸೊಂಟದಷ್ಟು ಎತ್ತರ ಇಲ್ಲ ಆಗ. ಊರಿನವರು ಕಿಟಕಿ ಹಾಕ್ಕೊಳ್ತಿದ್ರು. ನನಗೆ ಬೀಳುವ ಬೆಲ್ಟೆಲ್ಲ ಇವನಿಗೆ ಬಿತ್ತು. ಇವನ ಬೆನ್ನು ನೋಡಿದ್ದೀಯಾ ನೀನು?"

ಉತ್ತರ ಬಂದದ್ದು ತಂಗಿಯಿಂದ.

"ನಾನು ನೋಡಿದ್ದೇನೆ ಮಾಂಯ್," ಎಂದಳು. "ಅದಕ್ಕೇ ಇಷ್ಟು ವರ್ಷ ಇದ್ದೆ."

ಕವರನ್ನು ಬ್ಲೌಸಿನೊಳಗೆ ಸಿಕ್ಕಿಸಿ, ಪಕ್ಕೆ ಹಿಡಿದುಕೊಂಡು ಎದ್ದಳು. ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮಗಳ ಕೈ ಹಿಡಿದು, ಕಾರು ಬಂತೋ ಇಲ್ಲವೋ ಎಂದೂ ಕೇಳದೆ ಬಾಗಿಲು ದಾಟಿ ಬಿಸಿಲಿಗೆ ನಡೆದಳು.